ದೂರದಿಂದಲೇ ಹರಸಿ

ಮೊನ್ನೆ ದೀಪಾವಳಿ ರಜೆಯಲ್ಲಿ ನಾನೊಂದು ಸುಳ್ಳು ಹೇಳಿದೆ. ಎರಡೇ ಪದದ ಸುಳ್ಳು. "ಆರಾಮ ಅದೀನಿ."

ನೀವೂ ಹೇಳಿರುತ್ತೀರಿ. ದಿನಕ್ಕೆ ನಾಲ್ಕು ಸಲ ಹೇಳುವವರೂ ಇದ್ದಾರೆ. ಆದರೆ ನನ್ನ ಸುಳ್ಳು ನಲವತ್ತು ದಿನದ ಕೂಸೊಂದನ್ನು ದವಾಖಾನೆಗೆ ಸೇರಿಸಿತು. ಆದ್ದರಿಂದ ಈ ವಾರದ ಅಂಕಣದಲ್ಲಿ ಊರವರನ್ನು ಬೈಯುವ ಮೊದಲು (ಬೈಯುವುದಂತೂ ಇದ್ದೇ ಇದೆ) ನನ್ನ ಕಥೆ ಹೇಳಿಬಿಡುತ್ತೇನೆ.

ಲಿಂಗಸುಗೂರಿನಲ್ಲಿ ನಮ್ಮ ಶಾಂತಕ್ಕನ ಮನೆ. ಅವಳ ಮಗಳು ಸಹನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಕೂಸು. ಹಬ್ಬದ ರಜೆಯಲ್ಲೇ ತೊಟ್ಟಿಲ ಕಾರ್ಯಕ್ರಮ ಇಟ್ಟುಕೊಂಡರೆ ಬಂಧು ಬಳಗವೆಲ್ಲ ಬರುತ್ತದೆ ಅಂತ ಅಕ್ಕನ ಅಂದಾಜು. ಬಳಗವೆಲ್ಲ ಬಂತು. ವೈರಸ್ಸೂ ಬಂತು. ಅದನ್ನು ಬೇರೆ ಕರೆಯಬೇಕೇ?

ನಾನು ಸಿಂಧನೂರಿನಲ್ಲಿ ಟೀಚರು ಎಂಬುದು ನಿಮಗೆ ಗೊತ್ತು. ರಜೆಗೆ ಮುಂಚಿನ ವಾರ ನನ್ನ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ಉಳಿದರ್ಧ ಕೆಮ್ಮುತ್ತಿತ್ತು. "ಜ್ವರ ಬಂದವರು ಮನೆಯಲ್ಲೇ ಇರಬೇಕು, ತಿಳೀತಾ?" ಎಂದು ಟೇಬಲ್ ಕುಟ್ಟಿ ಹೇಳಿದವಳು ನಾನೇ. ಲಿಂಗಸುಗೂರಿಗೆ ಹೊರಡುವ ಹಿಂದಿನ ದಿನ ನನಗೇ ಗಂಟಲು ಕೆರೆಯತೊಡಗಿತು. ಸಂಜೆಗೆ ಮೈ ಕಾವೇರಿತು.

"ಹೋಗೋದು ಬ್ಯಾಡ ಬಿಡು. ಕೂಸು ಇನ್ನಾ ಎಳೇದೈತಿ," ಎಂದರು ನಮ್ಮ ಮನೆಯವರು.

ಇಷ್ಟು ಶಾಣ್ಯಾತನದ ಮಾತನ್ನು ಅವರು ವರ್ಷಕ್ಕೊಮ್ಮೆ ಆಡುತ್ತಾರೆ. ಅವತ್ತೇ ಆಡಬೇಕಿತ್ತೇ? ಸ್ವಂತ ಚಿಗವ್ವನೇ ಬರಲಿಲ್ಲ ಅಂದರೆ ಜನ ಏನಂದುಕೊಂಡಾರು? ತಾಯಿಯ ತಂಗಿ ನಾನು, ಸುಮ್ಮನೆ ಮಾತೇ? ಅದೂ ಅಲ್ಲದೆ ಹೊಸ ಇಳಕಲ್ ಸೀರೆಗೆ ಬ್ಲೌಸ್ ಹೊಲಿಸಿ ಆಗಿತ್ತು. ಬೆಳಿಗ್ಗೆ ಒಂದು ಜ್ವರದ ಗುಳಿಗೆ ನುಂಗಿದೆ. ಬೆವರು ಬಂತು, ಜ್ವರ ಇಳಿಯಿತು. ಇಳಿದ ಮೇಲೆ ಅದು ಜ್ವರ ಹೇಗಾಗುತ್ತದೆ? ಯಜಮಾನರನ್ನು ಮನೆ ಕಾಯಲು ಬಿಟ್ಟು ಒಬ್ಬಳೇ ಬಸ್ ಹತ್ತಿದೆ.

ರಜೆಯ ಬಸ್ಸು ಹೇಗಿರುತ್ತದೆ, ನಿಮಗೆ ಹೇಳಬೇಕೇ? ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಲುಬಿನಲ್ಲಿ. ಊರು ದಾಟುತ್ತಿದ್ದಂತೆ ಯಾರೋ "ಧೂಳು ಬರಾಕತ್ತೈತಿ, ಕಿಟಕಿ ಮುಚ್ಚರೀ" ಎಂದು ಕೂಗಿದರು. ಟಪಟಪ ಎಲ್ಲ ಕಿಟಕಿಗಳೂ ಬಂದ್. ಒಳಗೆ ಮುಂದಿನ ಸೀಟಿನವರು ಕೆಮ್ಮಿದರೆ ಹಿಂದಿನ ಸೀಟಿನವರು ಉತ್ತರ ಕೊಡುತ್ತಿದ್ದರು. ಧೂಳಿಗೆ ಇಷ್ಟು ಹೆದರುವ ಜನ ಕೆಮ್ಮಿಗೆ ಯಾಕೆ ಹೆದರುವುದಿಲ್ಲ? ಧೂಳು ಸೀರೆಯ ಮೇಲೆ ಕೂಡುತ್ತದೆ, ಕಾಣುತ್ತದೆ. ನಾನು ಬ್ಯಾಗಿನಲ್ಲಿದ್ದ ಹಳೆಯ ಮಾಸ್ಕ್ ಹುಡುಕಿ ಹಾಕಿಕೊಂಡೆ. ಅಷ್ಟರ ಮಟ್ಟಿಗೆ ನಾನು ಒಳ್ಳೆಯವಳು. ಮಸ್ಕಿ ಬರುವವರೆಗೆ.

ಮಸ್ಕಿಯಲ್ಲಿ ನೀಲವ್ವತ್ತಿ ಹತ್ತಿದಳು. ನಮ್ಮಪ್ಪನ ತಂಗಿ, ಎಪ್ಪತ್ತು ದಾಟಿದ ಮುದುಕಿ. ದನಿ ಮಾತ್ರ ಇಪ್ಪತ್ತರದ್ದು. ಅವಳೂ ಅದೇ ತೊಟ್ಟಿಲಿಗೆ ಹೊರಟವಳು. ನನ್ನನ್ನು ನೋಡಿದವಳೇ ನಿಂತಲ್ಲಿಂದಲೇ ಕೂಗಿದಳು:

"ಯಾಕ ಬೇ, ಎತ್ತಿಗೆ ಕಟ್ಟಿದಂಗ ಬಾಯಿಗೆ ಕುಕ್ಕಿ ಕಟ್ಕೊಂಡು ಕುಂತೀಯಲ್ಲ! ಕೊರೊನಾ ಹೋಗಿ ಯಾವ ಕಾಲ ಆತು!"

ಬಸ್ಸಿಗೆ ಬಸ್ಸೇ ತಿರುಗಿ ನಕ್ಕಿತು. ನಾನು ಮಾಸ್ಕ್ ತೆಗೆದು ಪರ್ಸಿಗೆ ತುರುಕಿದೆ. ವೈರಸ್ಸಿಗೆ ಹೆದರದವರೂ ನಗುವ ನಾಲ್ಕು ಜನಕ್ಕೆ ಹೆದರುತ್ತೇವೆ. ಅತ್ತೆ ನನ್ನ ಪಕ್ಕದಲ್ಲಿ ಕೂತು ಬಸ್ಸು ನಡುಗುವಂತೆ ಒಂದು ಸೀನು ಸೀನಿದಳು.

"ಮೂರು ದಿನ ಆತು ನೋಡವಾ, ನೆಗಡಿ. ಹವಾ ಬದಲಾಗೇತಿ."

ಗಮನಿಸಿದ್ದೀರಾ? ನಮ್ಮ ಕಡೆ ಯಾರಿಗೂ ವೈರಸ್ ತಗಲುವುದಿಲ್ಲ. ಹವಾ ಬದಲಾಗಿರುತ್ತದೆ. ನೀರು ಹೊಂದಿರುವುದಿಲ್ಲ. ಸೀತಾಫಲ ಎರಡು ಹೆಚ್ಚಿಗೆ ತಿಂದಿರುತ್ತೇವೆ. ಬೈಕಿನಲ್ಲಿ ತಂಪು ಗಾಳಿ ಬಡಿದಿರುತ್ತದೆ. ಪಾಪ, ವೈರಸ್ಸಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಶಾಂತಕ್ಕನ ಮನೆ ಬಾಗಿಲಿಗೆ ಮಾವಿನ ತೋರಣ, ಅದರ ಕೆಳಗೆ ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರ: "ಕೆಮ್ಮು, ನೆಗಡಿ, ಜ್ವರ ಇದ್ದವರು ದಯವಿಟ್ಟು ಕೂಸನ್ನು ದೂರದಿಂದಲೇ ಹರಸಿ." ಪಕ್ಕದಲ್ಲಿ ಬಕೆಟ್ಟು, ಚೊಂಬು, ಸಾಬೂನು. ಸಹನಾಳದೇ ಕೆಲಸ. ಬಾಣಂತನದಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡೇ ಬರೆದಿದ್ದಳಂತೆ.

ನಾವು ಓದುತ್ತಿರುವಾಗಲೇ ಅಕ್ಕ ಒಳಗಿನಿಂದ ಓಡಿ ಬಂದು ಹಾಳೆಯನ್ನು ಪರ್ ಎಂದು ಕಿತ್ತಳು. "ಬೀಗರು ಬರೋ ಹೊತ್ತಾತು. ಇದನ್ನ ನೋಡಿದರ ಏನಂತಾರ? ಬಂದೋರಿಗೆ ಬಾಗಿಲದಾಗ ಅವಮಾನ ಮಾಡೋದನ?"

ಸಹನಾ ಜಗಳ ಮಾಡಲಿಲ್ಲ. ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ, ಕಿಟಕಿ ತೆರೆದು, ಮಂಚದ ಮೇಲೆ ಕೂತಳು. ಒಳಗೆ ಬಂದ ಒಬ್ಬೊಬ್ಬರನ್ನೂ ಮೆತ್ತಗೆ ಕೇಳತೊಡಗಿದಳು.

ಮೊದಲು ಹೋದವಳು ನೀಲವ್ವತ್ತಿ.

"ಅಜ್ಜೀ, ನೆಗಡಿ ಗಿಗಡಿ ಐತೇನು?"

"ಐತಿ ಬೇ. ಮೂರು ದಿನ ಆತು. ಖರೇ ಹೇಳಾಕ ನನಗೇನು ಅಂಜಿಕಿ?"

"ಹಂಗಾದರ ಇವತ್ತು ಬ್ಯಾಡ ಅಜ್ಜೀ. ಆರಾಮಾದ ಮ್ಯಾಲ ಬಾ, ಒಂದು ವಾರ ಇದ್ದು ಎತ್ತಿ ಆಡಿಸು."

"ಎಷ್ಟು ಕೂಸಿಗೆ ನೀರು ಎರದೀನಿ ಈ ಕೈಯಾಗ! ನಿಮ್ಮವ್ವನ್ನ ಎರದಾಕಿ ನಾನ!" ಎಂದು ಅತ್ತೆ ಗೊಣಗಿದಳು. ಆದರೆ ಕೋಣೆಯ ಹೊಸ್ತಿಲು ದಾಟಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಹೋಳಿಗೆ ಕೊಟ್ಟರೆ ಮುಟ್ಟಲಿಲ್ಲ.

ನಂತರ ನಾನು.

"ಚಿಗವ್ವಾ, ಜ್ವರ ಏನರ ಬಂದಿತ್ತಾ?"

ಒಂದು ಕ್ಷಣ ಇತ್ತು. ಹೇಳಬಹುದಿತ್ತು. ಆದರೆ ಹಿಂದೆ ಬೀಗರ ಕಡೆಯ ಹೆಂಗಸರು ನಿಂತಿದ್ದರು. ಅತ್ತೆಗೆ ಆದ ಗತಿ ಕಣ್ಣೆದುರೇ ಇತ್ತು. ಜೊತೆಗೆ ಕೂಸು ಬೇರೆ ಆಗಷ್ಟೇ ಆಕಳಿಸಿತು. ಎಂಥ ಚಂದದ ಆಕಳಿಕೆ!

"ಇಲ್ಲವಾ. ಆರಾಮ ಅದೀನಿ."

ಸಹನಾ ಇನ್ನೊಂದು ಮಾತು ಕೇಳದೆ ಕೂಸನ್ನು ನನ್ನ ತೋಳಿಗೆ ಇಟ್ಟಳು. ಆಮೇಲೆ ತೊಟ್ಟಿಲು ಕಟ್ಟಿದರು, ಸೋದರತ್ತೆ ಕಿವಿಯಲ್ಲಿ ಕುರ್ ಎಂದು ಹೆಸರಿಟ್ಟಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ಗುಗ್ಗರಿ ಹಂಚಿದರು. ಇದೆಲ್ಲದರ ನಡುವೆ ಕೂಸನ್ನು ಅತಿ ಹೆಚ್ಚು ಹೊತ್ತು ಎತ್ತಿಕೊಂಡವಳು ನಾನು. ಕೆನ್ನೆಗೆ ಮುತ್ತು ಕೊಟ್ಟೆ. ಒಂದಲ್ಲ.

ನಾಲ್ಕನೆಯ ದಿನ ಅಕ್ಕನ ಫೋನು. ಕೂಸು ಹಾಲು ಕುಡಿಯುತ್ತಿಲ್ಲ. ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗುತ್ತಿದೆ. ಅಲ್ಲಿಯ ಮಕ್ಕಳ ದವಾಖಾನೆಗೆ ಸೇರಿಸಿದ್ದಾರೆ. ನನಗೆ ಆಗ ಪೂರ್ತಿ ವಾಸಿಯಾಗಿತ್ತು. ಮಾಸ್ಕ್ ಹಾಕಿಕೊಂಡು ಓಡಿದೆ. (ಈ ಸಲ ಯಾರೂ ನಗಲಿಲ್ಲ.)

ಅಂಗೈಯಷ್ಟು ಮುಖ. ಅದರ ಮೂಗಿಗೆ ಆಕ್ಸಿಜನ್ ನಳಿಗೆ. ಅಳುವುದಕ್ಕೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ಸಹನಾ ಎರಡು ದಿನದಿಂದ ಮಲಗಿರಲಿಲ್ಲ.

ಡಾಕ್ಟರು ಬಂದು ಕೇಳಿದರು: "ಮನ್ಯಾಗ ಯಾರಿಗರ ನೆಗಡಿ, ಕೆಮ್ಮು, ಜ್ವರ ಇತ್ತೇನ್ರೀ? ದೊಡ್ಡೋರಿಗೆ ಬರೇ ನೆಗಡಿ ಮಾಡೋ ವೈರಸ್ ಇಷ್ಟು ಸಣ್ಣ ಕೂಸಿಗೆ ಎದಿಗೆ ಇಳಿತೈತಿ."

"ಯಾರಿಗೂ ಇಲ್ಲರೀ ಸರ್," ಎಂದಿತು ಇಡೀ ಬಳಗ ಒಂದೇ ದನಿಯಲ್ಲಿ. ಹಾಗೆ ಹೇಳಿ ಮುಗಿಸಿ ಭಾವ ಕೆಮ್ಮಿದರು.

ಡಾಕ್ಟರು ಹೋದ ಮೇಲೆ ಶುರುವಾಯಿತು ನಿಜವಾದ ತನಿಖೆ. ಸಹನಾ ಕಿಟಕಿ ತೆರೆದದ್ದೇ ತಪ್ಪು ಎಂದರು ಒಬ್ಬರು. ತಲೆಗೆ ಜಲ್ದಿ ನೀರು ಹಾಕಿಕೊಂಡದ್ದು ತಪ್ಪು ಎಂದರು ಇನ್ನೊಬ್ಬರು. ಕೊನೆಗೆ ಅಕ್ಕನೇ ದನಿ ತಗ್ಗಿಸಿ ಹೇಳಿದಳು:

"ಅತ್ತಿ ದೃಷ್ಟೀನ ತಗಲೇತಿ. ಸಿಟ್ಟಾಗಿ ಹೋಳಿಗಿ ಮುಟ್ಟಲಾರದ ಹೋದಳಲ್ಲ. ಇನ್ನ ಮ್ಯಾಲ ಆಕೀನ್ನ ಯಾವ ಕಾರ್ಯಕ್ಕೂ ಕರೀಬಾರದು."

ಎಲ್ಲರೂ ತಲೆಯಾಡಿಸಿದರು. ಎಷ್ಟು ಅನುಕೂಲ ನೋಡಿ! ಕೂಸನ್ನು ಮುಟ್ಟದೆ ಮೂಲೆಯಲ್ಲಿ ಕೂತ ಮುದುಕಿಯ ಕಣ್ಣು ತಗಲಿತಂತೆ. ಕೆನ್ನೆಗೆ ಮುತ್ತು ಕೊಟ್ಟವಳು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ಅವಳಿಗೆ ಅಕ್ಕ ಚಹಾ ತರಿಸಿ ಕೊಟ್ಟಿದ್ದಳು.

ನಾನೂ ಸುಮ್ಮನಿರಬಹುದಿತ್ತು. ಸುಮ್ಮನಿದ್ದೆ ಕೂಡ, ಚಹಾ ಅರ್ಧ ಮುಗಿಯುವವರೆಗೆ. ಆಮೇಲೆ ಕಪ್ಪು ಕೆಳಗಿಟ್ಟೆ.

"ಅತ್ತೀದು ಏನೂ ಇಲ್ಲ. ನನಗ ಜ್ವರ ಬಂದಿತ್ತು. ಗುಳಿಗಿ ತಗೊಂಡು ಬಂದಿದ್ದೆ. ಸಹನಾ ಕೇಳಿದಾಗ ಸುಳ್ಳು ಹೇಳಿದೆ."

ಅಕ್ಕ ಬೇರೆ ಕಡೆ ನೋಡಿದಳು. ಸಹನಾ ಮಾತ್ರ ನನ್ನನ್ನೇ ನೋಡಿ ಅಂದಳು: "ಉಳಿದೋರು ಹೇಳಂಗಿಲ್ಲ ಅಂತ ಗೊತ್ತಿತ್ತು ಚಿಗವ್ವಾ. ನೀ ಟೀಚರು ಅಂತ ನಿನ್ನ ನಂಬಿದ್ನಲ್ಲ."

ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾರೂ ನನಗೆ ಇಷ್ಟು ಕಡಿಮೆ ಮಾರ್ಕ್ಸ್ ಕೊಟ್ಟಿರಲಿಲ್ಲ.

ದವಾಖಾನೆಗೆ ಸೇರಿದ ಐದನೆಯ ದಿನ ಕೂಸು ನಳಿಗೆಯಿಲ್ಲದೆ ಉಸಿರಾಡಿತು, ಹಾಲು ಕುಡಿಯಿತು, ಎಂಟನೆಯ ದಿನ ಮನೆಗೆ ಹೋಯಿತು. ವಾಪಸ್ ಬರುವಾಗ ಮಸ್ಕಿಯಲ್ಲಿಳಿದು ಅತ್ತೆಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಅಡಕೆ ಕತ್ತರಿಸುತ್ತಲೇ ಅಂದಳು: "ಖರೇ ಹೇಳಿದಾಕಿ ಹೊರಗ ಕುಂತೆ, ಸುಳ್ಳು ಹೇಳಿದಾಕಿ ಒಳಗ ಹೋದಿ. ನಮ್ಮ ಮಂದ್ಯಾಗ ಅದ ರಿವಾಜು ಬೇ."

ಆ ರಿವಾಜಿನ ಬಗ್ಗೆಯೇ ನನ್ನ ತಕರಾರು. ಹಬ್ಬಕ್ಕೆ ಬರಿಗೈಯಲ್ಲಿ ಹೋಗಬಾರದು ಅಂತ ಜ್ವರವನ್ನಾದರೂ ಒಯ್ಯುತ್ತೇವೆ. ಬರಲಾಗದು ಎಂದು ಫೋನು ಮಾಡಿದರೆ ಸೊಕ್ಕು ಅನ್ನುತ್ತೇವೆ, ಮಾಸ್ಕ್ ಹಾಕಿದರೆ ನಗುತ್ತೇವೆ, ಕೈ ತೊಳೆದು ಬನ್ನಿ ಅಂದರೆ ಮುನಿಯುತ್ತೇವೆ. ಕೂಸಿಗೆ ದೃಷ್ಟಿಬೊಟ್ಟು ಇಡಲು ಮರೆಯುವುದಿಲ್ಲ, ಕಿಟಕಿ ತೆರೆಯಲು ಮರೆಯುತ್ತೇವೆ. ಬಂದವರ ಮಾನ ಉಳಿದರೆ ಸಾಕು. ಕೂಸಿನ ಉಸಿರು ಡಾಕ್ಟರು ನೋಡಿಕೊಳ್ಳುತ್ತಾರೆ.

ಜ್ವರ ಬಂದಾಗ ಮನೆಯಲ್ಲಿ ಉಳಿಯುವುದು ಅಷ್ಟು ಕಷ್ಟವೇ? ಕಷ್ಟವೇ. ನನಗಂತೂ ಒಂದು ಸೀರೆಯನ್ನೂ ದಾಟಲಾಗಲಿಲ್ಲ.

ಅಂದಹಾಗೆ, ಇದನ್ನು ಓದುತ್ತ ಓದುತ್ತ ನೀವೀಗ ಎರಡು ಸಲ ಕೆಮ್ಮಿದಿರಲ್ಲ, ನಾಳೆ ಯಾರ ಮನೆಗೆ ಹೊರಟಿದ್ದೀರಿ?