ಮೂರು ಸುಣ್ಣದ ಬೊಟ್ಟು

ಅನಂತರಾಜು ಮೇಷ್ಟ್ರು ಬಸವಕುಮಾರರನ್ನು ಮೊದಲು ಕಂಡದ್ದು ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ. ಮೇಷ್ಟ್ರು ಆಗಷ್ಟೇ ನಿವೃತ್ತರಾಗಿದ್ದರು. ಸಕ್ಕರೆ ಕಾಯಿಲೆಗೆ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರಿಂದ ತಿಪ್ಪಸಂದ್ರದಿಂದ ಸ್ಕೂಟರಿನಲ್ಲಿ ಬಂದು, ಗುಡ್ಡದ ಬುಡದಲ್ಲಿ ಅದನ್ನು ನಿಲ್ಲಿಸಿ, ಏದುಸಿರು ಬಿಡುತ್ತ ಹತ್ತುತ್ತಿದ್ದರು. ಮುಕ್ಕಾಲು ದಾರಿಯಲ್ಲಿ, ಐವತ್ತೈದು ದಾಟಿದ ಒಬ್ಬರು ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಎಲೆ ಅಡಿಕೆಯ ಸುಣ್ಣದ ಡಬ್ಬಿಗೆ ಬೆರಳು ಅದ್ದಿ ಅದ್ದಿ ಕಲ್ಲಿಗೆ ಬೊಟ್ಟು ಇಡುತ್ತಿದ್ದರು.

“ಏನ್ ಸ್ವಾಮಿ, ಬಂಡೆಗೂ ಎಲೆ ಅಡಿಕೆ ಅಭ್ಯಾಸ ಮಾಡಿಸ್ತಾ ಇದ್ದೀರಾ?” ಎಂದರು ಮೇಷ್ಟ್ರು.

ಅವರು ನಕ್ಕರು. “ಕ್ಯಾಮೆರಾ ಸ್ಟ್ಯಾಂಡಿನ ಕಾಲಿಗೆ ಗುರುತು, ಸಾರ್. ಪೇಂಟ್ ಬಳಿದ್ರೆ ಕಲ್ಲು ಕೆಡ್ತದೆ. ಸುಣ್ಣ ಆದ್ರೆ ಮಾಸ್ತಾ ಬಂದಂಗೆ ಇನ್ನೊಂದ್ ಸಲ ಇಟ್ರಾಯ್ತು.”

ಅಂದು ಇಬ್ಬರೂ ಒಂದು ಗಂಟೆ ಮಾತನಾಡಿದರು. ಬಸವಕುಮಾರರು ಮಾಗಡಿಯಲ್ಲಿ ಇಪ್ಪತ್ತೆಂಟು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಸ್ಟುಡಿಯೋದ ನೆಲದಲ್ಲಿಯೂ ಸ್ಟ್ಯಾಂಡಿನ ಕಾಲಿಗೆಂದು ಮೂರು ಗುರುತು ಹಾಕಿಕೊಂಡಿದ್ದರಂತೆ. ಕಣ್ಣು ಮುಚ್ಚಿಕೊಂಡು ಸ್ಟ್ಯಾಂಡ್ ಇಟ್ಟರೂ ಪಾಸ್‌ಪೋರ್ಟ್ ಫೋಟೋದಲ್ಲಿ ಎಲ್ಲರ ತಲೆಯೂ ಒಂದೇ ಜಾಗದಲ್ಲಿ ಬರುತ್ತಿತ್ತು. ಫೋನಿನಲ್ಲಿಯೇ ಎಲ್ಲರೂ ಫೋಟೋ ತೆಗೆಯುವ ಕಾಲ ಬಂದಾಗ ಅಂಗಡಿ ಮುಚ್ಚಿ, ಹೆಂಡತಿ ನೇತ್ರಾ ಅವರ ತವರಿನ ಕಡೆಯ ಈ ಗುಡ್ಡಕ್ಕೆ ಬಂದು, ಇಳಿಜಾರಿನ ಹಳೆಯ ಮನೆಯನ್ನು ರಿಪೇರಿ ಮಾಡಿಸಿ ನೆಲೆಸಿದರು.

ಮೊದಲ ಎರಡು ವರ್ಷ ಗಂಡ ಹೆಂಡತಿ ದಿನವೂ ಬೆಳಿಗ್ಗೆ ಈ ಬಂಡೆಯವರೆಗೆ ಹತ್ತಿ ಬಂದು ಕೂರುತ್ತಿದ್ದರು. ಇಲ್ಲಿಂದ ಆಚೆ ಕಡೆಯ ಬಯಲೆಲ್ಲ ಕಾಣುತ್ತದೆ: ಕೆರೆ, ಹುಣಸೆ ತೋಪು, ರಾಗಿ ಹೊಲಗಳು, ಒಂದು ಹಳೆಯ ಕಲ್ಲುಕಟ್ಟಿನ ಬಾವಿ. ಮೂರನೆಯ ವರ್ಷದ ಮಳೆಗಾಲದಲ್ಲಿ ನೇತ್ರಾ ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ರಾಡು ಹಾಕಿದರು, ಆದರೆ ಗುಡ್ಡ ಹತ್ತುವುದು ಮುಗಿದುಹೋಯಿತು. ಹಾಸಿಗೆಯಿಂದ ಹಿತ್ತಲ ಬಾಗಿಲಿಗೆ ಬರುವುದೇ ಅವರಿಗೆ ದೊಡ್ಡ ಪ್ರಯಾಣ. ಅವರ ಕಿಟಕಿಗೆ ಕಾಣುವುದು ಬರಿಯ ಕಲ್ಲಿನ ಗೋಡೆ.

ಹೀಗಾಗಿ ಬಸವಕುಮಾರರು ಪ್ರತಿ ತಿಂಗಳ ಒಂದನೆಯ ತಾರೀಖು ಬಂಡೆಯ ಮೇಲೆ ನಿಂತು ಬಯಲಿನ ಫೋಟೋ ತೆಗೆದು, ಮಾಗಡಿಯಲ್ಲಿ ಪ್ರಿಂಟ್ ಹಾಕಿಸಿ, ನೇತ್ರಾ ಅವರ ಹಾಸಿಗೆಯ ಎದುರಿನ ಗೋಡೆಗೆ ಸಾಲಾಗಿ ಅಂಟಿಸತೊಡಗಿದರು. ಒಮ್ಮೆ ಒಂದು ಮೊಳ ಪಕ್ಕಕ್ಕೆ ನಿಂತು ತೆಗೆದಿದ್ದರು. ನೇತ್ರಾ ನೋಡಿದವರೇ, “ರೀ, ಬಾವಿ ಎಲ್ಲಿ? ಹುಣಸೆ ಮರ ಅಡ್ಡ ಬಂದ್ಬುಟ್ಟೈತಲ್ಲ. ನಾನು ಅಲ್ಲೇ ಕೂತ್ಕಂಡು ನೋಡ್ದಂಗಿರ್ಬೇಕು. ಎಲ್ಲೆಲ್ಲೋ ನಿಂತ್ಕಂಡು ತೆಗೆಯೋದಾದ್ರೆ ಬ್ಯಾಡ ಬುಡಿ,” ಎಂದು ಮುಖ ತಿರುಗಿಸಿಕೊಂಡರಂತೆ. ಸುಣ್ಣದ ಬೊಟ್ಟು ಶುರುವಾದದ್ದು ಆಮೇಲೆ.

ಈ ಪರಿಚಯ ಸ್ನೇಹವಾಯಿತು. ಮೇಷ್ಟ್ರು ಮನೆಗೆ ಹೋದಾಗಲೆಲ್ಲ ನೇತ್ರಾ ಗೋಡೆಯ ಮುಂದೆ ಕೂರಿಸಿಕೊಂಡು ಪಾಠ ಹೇಳುವರು. ಮುತ್ತುಗ ಕೆಂಪಾಗಿ ಹೂ ಬಿಟ್ಟ ತಿಂಗಳು, ಹೊಂಗೆ ಚಿಗುರಿದ ತಿಂಗಳು, ರಾಗಿಯ ನಡುವೆ ಹುಚ್ಚೆಳ್ಳಿನ ಸಾಲು ಹಳದಿಯಾದ ತಿಂಗಳು, ಮಂಜಿನಲ್ಲಿ ಕೆರೆಯೇ ಕಾಣದೆ ಹೋದ ತಿಂಗಳು. “ನೋಡಿ ಮೇಷ್ಟ್ರೇ, ಹೋದ ವರ್ಷ ಇದೇ ಒತ್ತಿಗೆ ಕೆರೆ ಕೋಡಿ ಬಿದ್ದಿತ್ತು. ಈ ವರ್ಷ ತೂಬಿನ ಕಲ್ಲು ಇನ್ನೂ ಕಾಣ್ತಾ ಐತೆ.” ಮಲಗಿದ ಕಡೆಯಿಂದ ಇಷ್ಟು ನೋಡುವವರನ್ನು ಮೇಷ್ಟ್ರು ಬೇರೆಲ್ಲಿಯೂ ಕಂಡಿರಲಿಲ್ಲ.

ಆಡು ಮೇಯಿಸುವ ಚಿಕ್ಕಲಕ್ಷ್ಮಮ್ಮ ಬಂಡೆಯ ಕೆಳಗಿನ ಕಾಲುದಾರಿಯಲ್ಲಿ ಓಡಾಡುವಾಕೆ. ಅಲ್ಲಿಂದ ತಲೆ ಎತ್ತಿ ನೋಡಿದರೆ, ಬಂಡೆಯ ಉಬ್ಬಿನ ಮೇಲೆ ಕೆಳಗೆರಡು, ಮೇಲೊಂದು ಬಿಳಿಯ ಬೊಟ್ಟು. ಥೇಟು ಮೂರು ಕಣ್ಣಿನ ಮುಖ. ಆಕೆ ಕೈಮುಗಿದು ಕುಂಕುಮ ಇಟ್ಟಳು. ಕಳೆದುಹೋಗಿದ್ದ ಒಂದು ಆಡು ಮಾರನೆಯ ದಿನ ತಾನಾಗಿಯೇ ಮನೆಗೆ ಬಂತು. ಇನ್ನು ಕೇಳಬೇಕೆ? ಕಾರ್ತಿಕ ಸೋಮವಾರಕ್ಕೆ ಊರಿನವರು ದೀಪ ಹಚ್ಚಿದರು. ಶಿವರಾತ್ರಿಯ ಹೊತ್ತಿಗೆ ಬಂಡೆಗೆ ಮುಕ್ಕಣ್ಣೇಶ್ವರ ಎಂಬ ಹೆಸರೂ ಬಂದಿತ್ತು.

ಬಸವಕುಮಾರರು ಮೊದಲು ನಕ್ಕರು. ಆಮೇಲೆ ನಗು ಬರಲಿಲ್ಲ. ಒಂದನೆಯ ತಾರೀಖು ಹೋದಾಗ ಚಪ್ಪಲಿ ಬಿಟ್ಟು, ಬೊಟ್ಟಿನ ಮೇಲಿನ ಹೂವನ್ನು ಮೆಲ್ಲಗೆ ಎತ್ತಿಟ್ಟು, ಸ್ಟ್ಯಾಂಡ್ ಊರಿ ಫೋಟೋ ತೆಗೆದು, ಮತ್ತೆ ಹೂವನ್ನು ಇದ್ದಲ್ಲಿಯೇ ಇಟ್ಟು ಬರುತ್ತಿದ್ದರು. ಕಳ್ಳನಂತೆ ಅತ್ತ ಇತ್ತ ನೋಡಿ ಮಾಡುತ್ತಿದ್ದ ಕೆಲಸ ಅದು. ಅಷ್ಟರಲ್ಲಿ ಊರಿನ ಹಿರಿಯರಾದ ಬೋರಲಿಂಗಯ್ಯನವರು, ಮುಂಗಾರಿಗೆ ಮೊದಲೇ ಬಂಡೆಯ ಮೇಲೆ ಕಟ್ಟೆ ಕಟ್ಟಿಸಿ ಶೀಟು ಹೊದಿಸುವುದೆಂದು ತೀರ್ಮಾನ ಮಾಡಿದರು. ಸಿಮೆಂಟ್ ಮೂಟೆಗಳೂ ಗುಡ್ಡದ ಬುಡಕ್ಕೆ ಬಂದಿಳಿದವು.

“ನಿಜ ಹೇಳಿಬಿಡಿ,” ಎಂದರು ಮೇಷ್ಟ್ರು.

“ಹೆಂಗೆ ಹೇಳ್ಲಿ ಸಾರ್? ಕೊರಳಲ್ಲಿ ಲಿಂಗ ಕಟ್ಕೊಂಡೋನು ನಾನು. ಇದು ದೇವ್ರಲ್ಲ ಅನ್ನೋಕೆ ನಾಲಿಗೆ ಏಳಲ್ಲ. ಪೂಜೆ ಶುರುವಾದ ಮೇಲೆ ಅಲ್ಲಿ ಕುಡಿದು ಬಾಟ್ಲಿ ಒಡೆಯೋರು ಬರೋದು ನಿಂತೈತೆ, ಹುಲ್ಲಿಗೆ ಯಾರೂ ಬೆಂಕಿ ಇಟ್ಟಿಲ್ಲ. ಸುಮ್ನೆ ಇದ್ರೋ, ನೇತ್ರಂಗೆ ಏನ್ ತೋರಿಸ್ಲಿ?”

ಕೊನೆಗೆ ಮೇ ತಿಂಗಳ ಒಂದು ಸಂಜೆ ಇಬ್ಬರೂ ಬೋರಲಿಂಗಯ್ಯನವರ ಜಗಲಿಗೆ ಹೋದರು. ಚಿಕ್ಕಲಕ್ಷ್ಮಮ್ಮನೂ ಅಲ್ಲಿಯೇ ಕುಳಿತಿದ್ದಳು. ಬಸವಕುಮಾರರು ತಲೆ ತಗ್ಗಿಸಿ, ಸ್ಟ್ಯಾಂಡಿನಿಂದ ಹಿಡಿದು ಸುಣ್ಣದವರೆಗೆ ಎಲ್ಲವನ್ನೂ ಹೇಳಿದರು.

ಮೊದಲು ಮಾತನಾಡಿದವಳು ಚಿಕ್ಕಲಕ್ಷ್ಮಮ್ಮ. “ನೀವು ಇಟ್ಟಿದ್ದು ಸುಣ್ಣ ಇರ್ಬೌದು ಸ್ವಾಮಿ. ನಾನು ಇಟ್ಟಿದ್ದು ಕುಂಕುಮ ಅಲ್ವಾ?”

“ಸುಮ್ಕಿರಮ್ಮಿ ಒಸಿ,” ಎಂದರು ಬೋರಲಿಂಗಯ್ಯ. ಅವರ ಮುಖ ಗಂಟಿಕ್ಕಿತ್ತು. “ಊರೋರೆಲ್ಲ ಆರು ತಿಂಗ್ಳಿಂದ ಅಡ್ಡ ಬೀಳ್ತಾ ಇದ್ರೆ ನೋಡ್ಕಂಡು ಸುಮ್ನೆ ಇದ್ರಲ್ಲ ಸ್ವಾಮಿ. ನಡೀರಿ, ಅದೇನು ಫೋಟೋನೋ ನೋಡೇ ಬುಡಾನ.”

ಗೋಡೆಯ ಮುಂದೆ ಬೋರಲಿಂಗಯ್ಯ ಬಹಳ ಹೊತ್ತು ನಿಂತರು. ನೇತ್ರಾ ಗಾಬರಿಯಿಂದ ಎದ್ದು ಕೂರಲು ಹೋದರೆ, “ಮಲ್ಗು ತಾಯಿ,” ಎಂದು ಕೈಸನ್ನೆ ಮಾಡಿದರು. ಒಂದೊಂದೇ ಫೋಟೋದ ಮೇಲೆ ಬೆರಳಿಡುತ್ತ ಹೋದರು. ಎಲ್ಲದರ ಎಡಮೂಲೆಯಲ್ಲಿಯೂ ಅವರದೇ ಹೊಲ: ಉತ್ತದ್ದು, ಬಿತ್ತಿದ್ದು, ಹಸಿರಾದದ್ದು, ಕೊಯ್ದು ಮೆದೆ ಒಟ್ಟಿದ್ದು. ಒಂದು ಜುಲೈ ತಿಂಗಳ ಫೋಟೋದ ಮುಂದೆ ಬೆರಳು ನಿಂತಿತು. ಹೊಲದ ನಡುವೆ ಅಕ್ಕಿಕಾಳಿನಷ್ಟೇ ಗಾತ್ರದ ಎರಡು ಬಿಳಿಯ ಚುಕ್ಕೆ.

“ಇವು ನಮ್ಮ ಎತ್ತು ಕಣ ಮೇಷ್ಟ್ರೇ,” ಎಂದರು ಸಣ್ಣ ದನಿಯಲ್ಲಿ. “ಆ ಸಾಲು ಮುಗಿಸ್ತು, ಮುಂದಿನ್ ತಿಂಗ್ಳು ಎಡಗಡೇದು ಹೊಂಟೋಯ್ತು. ಇವ್ನಿಗೆ ಒಂದು ಫೋಟೋ ಇಲ್ವಲ್ಲ ಅಂತಿದ್ದೆ.”

ನೇತ್ರಾ ಹಾಸಿಗೆಯಿಂದಲೇ, “ಅವತ್ತು ಬೆಳಿಗ್ಗೆ ಸೋನೆ ಇತ್ತು. ಹದ ನೋಡ್ಕಂಡು ಹೂಡವ್ರೆ ಅಂತ ಇವ್ರಿಗೆ ಹೇಳಿದ್ದೆ,” ಎಂದರು.

ಬೋರಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡು ತಿರುಗಿದರು. “ಕಟ್ಟೆ ಎರಡು ಮಾರು ಆ ಕಡೆ ಕಟ್ಟಾನ, ಬಸವಣ್ಣೋರೇ. ದೇವ್ರು ಸರ್ಕಂಡ್ರೆ ಅವ್ನಿಗೇನು ಕಮ್ಮಿ ಆಗಾಕಿಲ್ಲ. ಈ ತಾಯಿ ಸರ್ಕಳಾಕ್ಕಾಯ್ತದಾ?”

ಸೋಮವಾರ ಬೆಳಿಗ್ಗೆ ಊರಿನವರು ಬಂಡೆಯಿಂದ ಒಂದು ಚೂರನ್ನು ಬಿಡಿಸಿ, ಮಂಗಳಾರತಿ ಎತ್ತಿ, ಆಚೆಯ ಜಾಗಕ್ಕೆ ಒಯ್ದು ಕೂರಿಸಿದರು. ಕಟ್ಟೆ ಅಲ್ಲಿಯೇ ಎದ್ದಿತು. ಹೊಸ ಜಾಗದ ಮುಕ್ಕಣ್ಣನಿಗೆ ಕಣ್ಣಿಡಲು ಸುಣ್ಣ ಕೊಡುವ ಸೇವೆಯನ್ನು ಬಸವಕುಮಾರರಿಗೇ ವಹಿಸಿದರು. ಅವರು ಬೇಡವೆನ್ನಲಿಲ್ಲ. ಜೂನ್ ಒಂದರ ಬೆಳಿಗ್ಗೆ ಯಾರಿಗೂ ಹೆದರದೆ ಸ್ಟ್ಯಾಂಡ್ ಊರಿ ಫೋಟೋ ತೆಗೆದರು. ಬಾವಿ ಇದ್ದಲ್ಲಿಯೇ ಇತ್ತು.

ಇದಾಗಿ ಈಗ ಎರಡು ವರ್ಷ. ನನಗೆ ಇಂಥದ್ದನ್ನು ಕಾಣುವ ಭಾಗ್ಯ ಬಂತಲ್ಲ ಎಂದು ಮೇಷ್ಟ್ರು ಇಂದಿಗೂ ಗುಡ್ಡ ಹತ್ತುವಾಗ ಅಂದುಕೊಳ್ಳುವುದುಂಟು. ಬಸವಕುಮಾರರು ಈಗಲೂ ಒಂದನೆಯ ತಾರೀಖು ತಪ್ಪಿಸುವುದಿಲ್ಲ. ಎತ್ತಿನ ಫೋಟೋವನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ ಬೋರಲಿಂಗಯ್ಯನವರಿಗೆ ಕೊಟ್ಟ ಮೇಲೆ ಊರಿನವರ ಬೇಡಿಕೆ ಹೆಚ್ಚಿದೆ. ಈ ತಿಂಗಳೂ ಚಿಕ್ಕಲಕ್ಷ್ಮಮ್ಮ ಆಡುಗಳನ್ನು ಬಿಟ್ಟು ಬಂದು ಪಕ್ಕದಲ್ಲಿ ನಿಂತಿದ್ದಳು.

“ಸ್ವಾಮಿ, ಒಸಿ ಬಲಕ್ಕೆ ತಿರುಗ್ಸಿ. ನಮ್ಮ ಕೊಟ್ಟಿಗೆನೂ ಬರ್ಲಿ.”

“ಆಗಲ್ಲ ಕಣಮ್ಮ. ಒಂದು ಬೆರಳೂ ತಿರುಗ್ಸಲ್ಲ. ಮನೇಲಿ ಬೈಸ್ಕೊಳೋನು ನಾನು,” ಎಂದು ಬಸವಕುಮಾರರು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರು.