ಕಣ್ಣಿಲ್ಲದ ಕಳಿಂಗದ ದಂಡು

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರ ಗವಿಸಿದ್ದಪ್ಪನಿಗೆ ಯುದ್ಧದ ಹುಚ್ಚು ಹಿಡಿದದ್ದು ಒಂದು ಬಂಡೆಯ ದೆಸೆಯಿಂದ. ಕೊಪ್ಪಳದ ಗವಿಮಠದ ಹತ್ತಿರದ ಬಂಡೆಯ ಮೇಲಿನ ಬರಹ ಎರಡು ಸಾವಿರ ವರ್ಷದ ಹಿಂದಿನ ಅಶೋಕ ರಾಜನದೆಂದು ಪಂಡಿತರು ಓದಿದ ಸುದ್ದಿ ಊರಿಗೆ ಬಂತು. ಆ ರಾಜ ಕಳಿಂಗದವರನ್ನು ಗೆದ್ದು, ಆಮೇಲೆ ಹೆಣಗಳನ್ನು ನೋಡಿ ಮರುಗಿದನೆಂದು ಸಾಲಿ ಮಾಸ್ತರರು ಹೇಳಿದರು. ಉಳಿದವರು ಕೇಳಿ ಮರೆತರು. ಗವಿಸಿದ್ದಪ್ಪ ಮನೆಗೆ ಬಂದು ಹೆಬ್ಬೆರಳುದ್ದದ ಸಿಪಾಯಿಗಳನ್ನು ಕೆತ್ತತೊಡಗಿದ.

ಹೊಟ್ಟೆಪಾಡಿಗೆ ಗೌರಿ, ಗರುಡ, ತೊಟ್ಟಿಲ ಗಿಣಿಗಳಿದ್ದವು. ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು ಮಾತ್ರ ದಂಡಿನದು. ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಆಡುವ ಧೂಳು ಅವನಿಗೆ ಕುದುರೆಗಳು ಎಬ್ಬಿಸಿದ ಧೂಳಾಗುತ್ತಿತ್ತು. ಕುಂಚ ಕೈಯಲ್ಲೇ ಒಣಗುತ್ತಿತ್ತು, ಆಸಾಮಿ ಕಳಿಂಗದಲ್ಲಿರುತ್ತಿದ್ದ.

ಆಟಕ್ಕೆ ಕಾಯ್ದೆಗಳನ್ನೂ ಅವನೇ ಕಟ್ಟಿದ. ಜಮಖಾನೆಯೇ ರಣರಂಗ. ಕಾಲಾಳಿಗೆ ನಾಲ್ಕು ಬೆರಳಿನ ನಡಿಗೆ, ಕುದುರೆಗೆ ಒಂದು ಗೇಣು. ಮೂರು ಬಾಣ ನಾಟಿದ ಆನೆ ತನ್ನವರನ್ನೇ ತುಳಿಯಬೇಕು. ಪಕ್ಕದವ ಬಿದ್ದರೆ ಸಿಪಾಯಿ ನಿಲ್ಲುತ್ತಾನೋ ಓಡುತ್ತಾನೋ ಎಂಬುದನ್ನು ಕವಡೆ ಹೇಳಬೇಕು. ಆದರೆ ಕಣ್ಣು ಬರೆಯದ ಗೊಂಬೆ ಆಟಕ್ಕಿಳಿಯುವಂತಿಲ್ಲ. ಕಣ್ಣೇ ಇಲ್ಲದವನಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಆಡುವವರು ಮಾತ್ರ ಸಿಗಲಿಲ್ಲ. ಪಕ್ಕದ ಮನೆಯ ಕಾಳಪ್ಪ ಒಮ್ಮೆ ಬಂದ, ಆನೆಗಳೆಲ್ಲ ತನಗೇ ಬೇಕೆಂದು ಹಟ ಹಿಡಿದು ಎದ್ದು ಹೋದ. ಹತ್ತು ವರ್ಷ ಗವಿಸಿದ್ದಪ್ಪ ಇದ್ದಷ್ಟು ಗೊಂಬೆಗಳನ್ನೇ ಎರಡು ಪಾಲು ಮಾಡಿಕೊಂಡು, ಎರಡೂ ಕಡೆ ತಾನೇ ಆಡಿ, ತಾನೇ ಗೆದ್ದು ತಾನೇ ಸೋತ. ವೈರಿಯ ಮನಸ್ಸಿನಲ್ಲಿರುವುದೆಲ್ಲ ಮೊದಲೇ ಗೊತ್ತಿದ್ದರೆ ಅದೆಂಥ ಯುದ್ಧ!

ಪೂರ್ತಿ ಕಳಿಂಗದ ದಂಡು ಸಿದ್ಧವಾದರೆ ಯಾರಾದರೂ ಎದುರಿಗೆ ಕೂತಾರು ಎಂಬುದೊಂದೇ ಆಸೆ. ಆನೆಗಳೊಡನೆ ಅರವತ್ತು ಜನರನ್ನು ಕೆತ್ತಿ, ಹುಣಸೆ ಬೀಜದ ಅಂಟು ಸವರಿ, ಬಣ್ಣ ಹಚ್ಚಿದ. ಕಣ್ಣು ಬರೆಯುವುದೊಂದು ಉಳಿದಾಗ ಅವನ ಕಣ್ಣಿಗೇ ಪೊರೆ ಬಂದು ಎಲ್ಲ ಮಬ್ಬಾಯಿತು. ಆ ಮನೆತನದಲ್ಲಿ ಗೊಂಬೆಗೆ ಕಣ್ಣು ಬರೆಯುವುದು ಗಂಡಸರ ಕೆಲಸ. ಹೆಂಡತಿ ಶಿವಬಸಮ್ಮ ಮೂವತ್ತು ವರ್ಷ ಅಂಟು ಅರೆದಿದ್ದಳು, ಆ ಸಣ್ಣ ಕುಂಚವನ್ನು ಮುಟ್ಟಿರಲಿಲ್ಲ. ಮಕ್ಕಳಿಲ್ಲದ ಮನೆ. ಕಳಿಂಗದವರು ಹಲಗೆಯ ಮೇಲೆ ಹಾಗೇ ನಿಂತರು. ಗವಿಸಿದ್ದಪ್ಪ ಅವರ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದ.

ಒಂದು ಮಧ್ಯಾಹ್ನ ಹಲಗೆಗೆ ಕೈ ಚಾಚಿದ. ಬೆರಳಿಗೆ ಒದ್ದೆ ತಾಗಿತು.

"ಮುಟ್ಟಬ್ಯಾಡ್ರಿ, ಇನ್ನಾ ಹಸಿ ಐತಿ," ಎಂದಳು ಶಿವಬಸಮ್ಮ.

"ಯಾರು ಬರದಾರ ಇವಕ್ಕ ಕಣ್ಣ?"

"ನಾನ ಬರದೀನಿ. ಬೈಯೂದಿದ್ರ ಬೈರಿ."

ಅವನು ಬೈಯಲಿಲ್ಲ. ಅಜ್ಜ, ಅಪ್ಪ ಎಲ್ಲ ನೆನಪಾದರು. ಒದ್ದೆ ಬೆರಳನ್ನು ಒರಸಿಕೊಂಡು, "ಯಾವ ಕಡಿ ನೋಡಾಕತ್ಯಾರ?" ಎಂದು ಕೇಳಿದ.

"ನಿಮ್ಮ ಕಡೀನ. ವೈರಿಗಳು ಮತ್ತ್ಯಾರನ್ನ ನೋಡಬೇಕು?" ಅವಳು ಜಮಖಾನೆ ಹಾಸಿ, ಬಣ್ಣ ಆರಿದವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿದಳು. "ಈ ದಂಡು ನಂದು. ನೀವು ಆ ಕಡಿ ಸರದು ಕುಂದರ್ರಿ."

"ನಿನಗ ಕಾಯ್ದೆ ಎಲ್ಲಿ ಗೊತ್ತದಾವ?"

"ಹತ್ತು ವರ್ಷ ಎರಡೂ ಕಡಿ ನೀವ ಒದರಾಡೀರಿ. ನಾ ಏನು ಕಿವುಡಿ ಏನ್ರಿ?"

ಆಟ ಶುರುವಾಯಿತು. ಅವಳು ಕವಡೆ ನೋಡಿ ಹೇಳುತ್ತಿದ್ದಳು, ಅವನು ಬೆರಳಿನಿಂದ ಅಳೆದು ನಡೆಸುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳ ಆನೆ ಎಲ್ಲೋ ಸರಿದ ಸಪ್ಪಳವಾಯಿತು.

"ಎಲ್ಲಿಟ್ಟಿ?"

"ಕೈಯಾಡಿಸಿ ನೋಡ್ರಿ."

ಅವನು ತಡಕಿದ. ಆನೆ ಅವನ ಸೇನಾಪತಿಯ ಬೆನ್ನಿಗೇ ಬಂದು ನಿಂತಿತ್ತು. ಹತ್ತು ವರ್ಷದಲ್ಲಿ ಯಾವ ವೈರಿಯೂ ಆ ದಾರಿ ಹಿಡಿದಿರಲಿಲ್ಲ. ಅವನಿಗೇ ಹೊಳೆಯದ ದಾರಿ ಅದು. ಇಷ್ಟು ಸಂತೋಷ ಅವನಿಗೆ ಯಾವ ಗೆಲುವಿನಲ್ಲೂ ಆಗಿರಲಿಲ್ಲ.

"ತಡಿ," ಎಂದ, "ಸ್ವಲ್ಪ ವಿಚಾರ ಮಾಡ್ತೀನಿ."