ಹಲಬರ್ಗಾದ ಮದುವೆಯಲ್ಲಿ ಅರಬ್ಬಿ ಡಿಸ್ಕೊ

ಹಲಬರ್ಗಾದ ಮದುಮಗಳು ಶಾರ್ಜಾದಲ್ಲಿ ನರ್ಸ್. ಮದುವೆಗೆ ನಮ್ಮ ಬ್ಯಾಂಡ್ ಗೊತ್ತುಮಾಡಿದ್ದ ಅವಳು, ಹದಿನೈದು ದಿನ ಇರುವಾಗ ನನ್ನ ಮೊಬೈಲಿಗೆ ಒಂದು ಹಾಡು ಕಳಿಸಿ, ಹಿಂದೆಯೇ ಫೋನು ಮಾಡಿದಳು.

"ಅಕ್ಕಾ, ಗಂಡಿನ ಬರಾತ್ ನಮ್ಮ ಮನಿ ಮುಂದ ಬಂದಾಗ ಇದನ್ನೇ ಬಾರಿಸ್ಬೇಕ್ರಿ. ಇಲ್ಲಿ ಹಾಸ್ಟೆಲ್‌ದಾಗ ನಾವೆಲ್ಲಾ ಇದಕ್ಕೇ ಕುಣೀತೇವ್ರಿ."

ಹಾಡಿನ ತಾಳ ಇಟಲಿಯ ಹಳೇ ಡಿಸ್ಕೊದ್ದು, ಎಲ್ಲೂ ನಿಲ್ಲದೆ ಒಂದೇ ಸಮ ಓಡುವಂಥದ್ದು. ರಾಗ ಮಾತ್ರ ಅರಬ್ಬಿ.

ಬೀದರಿನ ಮೈಲೂರದಲ್ಲಿರುವ ನಮ್ಮ ಬ್ಯಾಂಡ್ ಕಟ್ಟಿದವರು ಅಪ್ಪ. ಕ್ಲಾರ್ನೆಟ್ ಬಾರಿಸುತ್ತಿದ್ದರು. ನಾನು ಕೀಬೋರ್ಡ್ ತಂದ ಮೇಲೆ ಜನ ಅದನ್ನೇ ಕೇಳತೊಡಗಿದರು. ಅಪ್ಪ ಕ್ಲಾರ್ನೆಟ್ಟನ್ನು ಅಲಮಾರಿ ಮೇಲಿಟ್ಟು, ಬ್ಯಾಂಡಿನ ಗಾಡಿ ನೋಡಿಕೊಳ್ಳತೊಡಗಿದ್ದರು. ನನಗದು ಒಳಗೊಳಗೇ ಚುಚ್ಚುತ್ತಿತ್ತು.

ಮದುಮಗಳ ಹಾಡಿನ ತಾಳ ಕೀಬೋರ್ಡಿನಲ್ಲಿ ಒಂದೇ ಸಂಜೆಗೆ ಕೂತಿತು. ರಾಗ ಕೂರಲಿಲ್ಲ. ಒಂದು ಜಾಗದಲ್ಲಿ ಸ್ವರ ಒಂದೋ ಮೇಲಾಗುತ್ತಿತ್ತು, ಇಲ್ಲವೇ ಕೆಳಗಾಗುತ್ತಿತ್ತು. ನಾಲ್ಕನೇ ದಿನ ಊಟ ಮಾಡುತ್ತಿದ್ದ ಅಪ್ಪ ತಲೆ ಎತ್ತಿದರು.

"ಆ ಸ್ವರ ನಿನ್ನ ಪೆಟಗಿದಾಗ ಇಲ್ಲವ್ವಾ. ಎರಡು ಕೀ ನಡುವ ಅದ."

"ಮತ್ತ ಹ್ಯಾಂಗ ಮಾಡ್ಲಿ, ಅಪ್ಪಾ?"

ಅವರು ಕೈ ತೊಳೆದು ಕ್ಲಾರ್ನೆಟ್ ಇಳಿಸಿದರು. ಮೊದಲೆರಡು ಸಲ ಬರೀ ಕೀಚಲು ದನಿ. ಮೂರನೇ ಸಲ ತುಟಿ ತುಸು ಸಡಿಲಿಸಿ ಊದಿದರು. ಸ್ವರ ಸರಿಯಾಗಿ ಅಲ್ಲೇ ಹೋಗಿ ನಿಂತಿತು. ನನ್ನ ಮೈ ಜುಂ ಎಂದಿತು.

ಗಂಡಿನವರು ಸಂತಪುರದವರು. ಮದುವೆಯ ದಿನ ಮಧ್ಯಾಹ್ನ ಬಿರುಬಿಸಿಲಲ್ಲಿ ಬರಾತ್ ಮೆರವಣಿಗೆ ಮದುಮಗಳ ಮನೆ ಮುಟ್ಟಿತು. ನಾನು ತಾಳ ಶುರುಮಾಡಿದ್ದೇ ತಡ, ಮದುಮಗನ ಕಾಕಾ ಗಾಡಿಗೆ ಅಡ್ಡ ನಿಂತರು.

"ಮದುವಿದಾಗ ಇದೇನ್ ಡಿಸ್ಕೊ ಹಚ್ಚೀರಿ? ಬಂದ್ ಮಾಡ್ರಿ!"

ಅಷ್ಟರಲ್ಲಿ ಅಪ್ಪ ಗಾಡಿಯಿಂದಿಳಿದು, ಅವರ ಎದುರಿಗೇ ನಿಂತು ಊದತೊಡಗಿದರು. ಅರಬ್ಬಿ ರಾಗ ಓಣಿ ತುಂಬಿತು. ಬಾಗಿಲಲ್ಲಿದ್ದ ಮದುಮಗಳು "ಹೋ!" ಎಂದು ಕೂಗಿ, ಸೆರಗು ಸಿಕ್ಕಿಸಿ ಅಂಗಳಕ್ಕಿಳಿದಳು. ಅವಳ ಹಿಂದೆ ಅವಳ ಅವ್ವ, ಅತ್ತಿಗೆಯರು. ಅದನ್ನು ನೋಡಿ ಕಾಕಾ ತಲೆಯ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸುತ್ತ ತಾವೂ ಕುಣಿದರು. ಮೂರು ಸಲ ಬಾರಿಸಿದರೂ ಯಾರೂ ಬಿಡಲಿಲ್ಲ.

ಮರುದಿನ ಭಾಲ್ಕಿಯಿಂದ ಫೋನು ಬಂತು. "ನಮ್ಮ ಮದುವಿಗೂ ನಿಮ್ಮ ಬ್ಯಾಂಡೇ ಬೇಕ್ರಿ. ಕ್ಲಾರ್ನೆಟ್ ಊದೋ ಮುತ್ಯಾ ಬರ್ತಾರಲ್ರೀ?"

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಅಪ್ಪ ಫೋನು ಕಸಿದುಕೊಂಡರು. ಊದಿ ಊದಿ ಅವರ ತುಟಿ ಇನ್ನೂ ಬಾತಿತ್ತು.

"ಬರ್ತೇನ್ರಿ. ನನ್ನ ಮಗಳನ್ನೂ ಕರ್ಕೊಂಡು ಬರ್ತೇನಿ."